ಆ ಹೆಬ್ಬೆಟ್ಟು ಯಾರದ್ದು? ಒಂದು ಕಿರುನಾಟಕ ಮತ್ತು ಅದನ್ನು ನೋಡಿದವರ ಪ್ರಕರಣ ಅಧ್ಯಯನ

ಉಡುಪಿಯ ಪ್ರದರ್ಶನದ 31ನೇ ನಿಮಿಷ. ವೇದಿಕೆ ಮೇಲೆ ತಗಡಿನ ಹಳೇ ಪೆಟ್ಟಿಗೆ ಬಾಯಿ ತೆರೆದಿದೆ. ಮೊಮ್ಮಗಳ ಕೈಯಲ್ಲಿ ಮಡಿಕೆ ಹರಿದ ಒಂದು ಸ್ಟಾಂಪ್ ಪೇಪರ್. ಹಕ್ಕು ಖುಲಾಸೆ ಪತ್ರ, ಅಂದರೆ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಕಾಗದ. ಇಸವಿ 1979. ಓದುತ್ತಾ ಓದುತ್ತಾ ಅವಳು ಕೊನೆಗೆ ಬರುತ್ತಾಳೆ. "ಇಲ್ಲಿ ಅತ್ತೆಯ ಹೆಬ್ಬೆಟ್ಟು ಉಂಟು" ಎನ್ನುತ್ತಾಳೆ. ಮುಂದಿನ ಮಾತು ಇನ್ನೂ ಬಂದಿರಲಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬರು ಪಕ್ಕದವರ ಕಿವಿಗೆ ಅಂತ ಹೇಳಿದ ಮಾತು ಇಡೀ ಹಾಲಿಗೆ ಕೇಳಿಸಿತು.

"ಅವಳು ಟೀಚರ್ ಅಲ್ವಾ?"

ನಾನು ಲೈಟಿನ ಪಕ್ಕ ನೋಟ್‌ಬುಕ್ ಹಿಡಿದು ಕೂತಿದ್ದೆ. ಆ ಮಾತನ್ನು ಹಾಗೇ ಬರೆದುಕೊಂಡೆ. ಬರೆಯಲು ಬರುವವಳು ಹೆಬ್ಬೆಟ್ಟು ಯಾಕೆ ಒತ್ತುತ್ತಾಳೆ? ನಮ್ಮ ಇಡೀ ನಾಟಕ ನಿಂತಿದ್ದದ್ದು ಈ ಒಂದು ಪ್ರಶ್ನೆಯ ಮೇಲೆ. ಅದನ್ನು ಪಾತ್ರದ ಬಾಯಿಂದ ಹೇಳಿಸುವ ಮೊದಲೇ ನೋಡುವವರೊಬ್ಬರು ಹೇಳಿಬಿಟ್ಟರು. ನನಗೆ ಮೈ ಜುಮ್ಮೆಂದಿತು.

ಆಮೇಲೆ ಇದೇ ನಾಟಕ ಇನ್ನೆರಡು ಕಡೆ ಆಯಿತು. ಒಂದು ಹಿರಿಯಡ್ಕದ ಹತ್ತಿರ, ಇನ್ನೊಂದು ಮಂಗಳೂರಿನಲ್ಲಿ. ಮೂರೂ ಕಡೆ ನಾನು ಕಣ್ಣಿಟ್ಟದ್ದು ವೇದಿಕೆಗಿಂತ ಜಾಸ್ತಿ ಜನರ ಮೇಲೆ. ಯಾವಾಗ ಕೆಮ್ಮಿದರು, ಯಾವಾಗ ಕುರ್ಚಿ ಎಳೆದರು, ಯಾವಾಗ ಮೊಬೈಲಿನ ಬೆಳಕು ಹತ್ತಿತು, ಮುಗಿದ ಮೇಲೆ ಏನೇನು ಹೇಳಿದರು, ಎಲ್ಲ ಬರೆದಿಟ್ಟಿದ್ದೇನೆ. ಈ ಬರಹ ಅದರ ಮೇಲೆ. ಯಾರ ಹೆಸರನ್ನೂ ಹಾಕಿಲ್ಲ, ಯಾರ ಮನೆಯ ಗುರುತೂ ಸಿಗದ ಹಾಗೆ ಬರೆದಿದ್ದೇನೆ. ಅವರು ನಂಬಿ ಹೇಳಿದ ಮಾತುಗಳು ಇವು.

ನಾಟಕದಲ್ಲಿ ಇದ್ದದ್ದು

42 ನಿಮಿಷ, ನಾಲ್ಕು ಪಾತ್ರ, ಒಂದೇ ಚಾವಡಿ. ನಮ್ಮದು ಹವ್ಯಾಸಿ ತಂಡ. ಬ್ಯಾಂಕಿನಲ್ಲಿ ಇರುವವರು, ಶಾಲೆ ಮೇಷ್ಟ್ರು, ಒಬ್ಬರು ಟೈಲರ್, ಇಬ್ಬರು ಕಾಲೇಜು ಹುಡುಗಿಯರು. ನಾಟಕಕ್ಕೆ ಬೇರೆ ಹೆಸರಿದ್ದರೂ ನಮ್ಮೊಳಗೆ ಅದು 'ಪೆಟ್ಟಿಗೆ ನಾಟಕ'.

ಕಟಪಾಡಿ ಕಡೆಯ ಹಂಚಿನ ಮನೆ. ಮುಂದೆ ಹೆದ್ದಾರಿ ಅಗಲ ಆಗುತ್ತಿದೆ. ಮೊದಲು 17 ಅಂತಿದ್ದು ಈಗ 66 ಆಗಿರುವ ಅದೇ ಹೆದ್ದಾರಿ. ಅಂಗಳ ಹೋಗುತ್ತದೆ, ಪರಿಹಾರ ಬರುತ್ತದೆ. ಪರಿಹಾರ ಬೇಕಾದರೆ ದಾಖಲೆ ತೋರಿಸಬೇಕು. ಜಾಗ ಯಾರ ಹೆಸರಲ್ಲಿ ಉಂಟು, ಯಾರು ಯಾವಾಗ ಹಕ್ಕು ಬಿಟ್ಟರು, ಎಲ್ಲ ತೆಗೆದು ಇಡಬೇಕು. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಪೆಟ್ಟಿಗೆ ತೆರೆದದ್ದು ಹೀಗೇ. ಅಜ್ಜ ತೀರಿಹೋದಾಗಲೂ ತೆರೆಯದ ಪೆಟ್ಟಿಗೆ ರಸ್ತೆ ಬಂದಾಗ ತೆರೆಯಿತು.

ಬೊಂಬಾಯಿಯಿಂದ ಅತ್ತೆ ಬಂದಿದ್ದಾಳೆ. 67 ವರ್ಷ. ಅಲ್ಲಿನ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಿ ಆದವಳು. ಮನೆಯಲ್ಲಿ ಅವಳ ತಾಯಿ, ಅಂದರೆ ಮೊಮ್ಮಗಳ ಅಜ್ಜಿ, 88 ವರ್ಷ. ಓದು ಬರಹ ಇಲ್ಲ. ಮತ್ತೆ ದೊಡ್ಡಪ್ಪ, ಅತ್ತೆಯ ಅಣ್ಣ. ಮನೆ ಇವನ ಹೆಸರಲ್ಲೇ ಉಂಟು. ಇದು ಮಕ್ಕಳಕಟ್ಟಿನ ಮನೆ, ಅಂದರೆ ಆಸ್ತಿ ಅಪ್ಪನಿಂದ ಮಕ್ಕಳಿಗೆ ಬರುವ ಮನೆ. ಅಜ್ಜನ ಸ್ವಂತ ಸಂಪಾದನೆಯದ್ದು. ಅಜ್ಜ ವಿಲ್ ಬರೆಯದೆ ತೀರಿಕೊಂಡಿದ್ದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಬ್ಯಾಂಕ್ ಸಾಲಕ್ಕಾಗಿ ದೊಡ್ಡಪ್ಪನಿಗೆ ಆಗ ಅವಳ ಹಕ್ಕು ಖುಲಾಸೆ ಬೇಕಾಗಿತ್ತು. ಅತ್ತೆ ಆ ವರ್ಷ ಊರಿಗೇ ಬಂದಿರಲಿಲ್ಲ. ಹಾಗಾದರೆ ಹೆಬ್ಬೆಟ್ಟು ಒತ್ತಿದ್ದು ಯಾರು?

ಕೊನೆಯ ಎರಡು ನಿಮಿಷದಲ್ಲಿ ಉತ್ತರ. ಅಜ್ಜಿಯ ಎಡಗೈ ಹೆಬ್ಬೆರಳಿಗೆ ಅಡ್ಡಕ್ಕೆ ಒಂದು ಗಾಯದ ಗೆರೆ ಇದೆ. ಮದುವೆಯಾದ ಹೊಸತರಲ್ಲಿ ಗುಜ್ಜೆ ಹೆಚ್ಚುವಾಗ ಮೆಟ್ಟುಕತ್ತಿ ತಾಗಿದ್ದು. ಪತ್ರದ ಮೇಲಿನ ನೀಲಿ ಗುರುತಿನಲ್ಲೂ ಅದೇ ಜಾಗದಲ್ಲಿ ಶಾಯಿ ಹತ್ತದ ಒಂದು ಬಿಳಿ ಗೆರೆ. ಅತ್ತೆ ಅಮ್ಮನ ಕೈ ಹಿಡಿದು ಬೆರಳನ್ನೂ ಕಾಗದವನ್ನೂ ಮತ್ತೆ ಮತ್ತೆ ನೋಡುತ್ತಾಳೆ. ಲೈಟ್ ಆರುತ್ತದೆ. ಇದು ಮೊದಲ ರೂಪ.

ಉಡುಪಿ: ನಮ್ಮಿಂದ ಅಜ್ಜಿಯನ್ನೇ ಅಡಗಿಸಿದಿರಿ

ಉಡುಪಿಯ ಪ್ರೇಕ್ಷಕರು ಪಳಗಿದವರು. ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ಸಾಲು ಸಾಲು ನಾಟಕ ನೋಡಿ ಬೆಳೆದವರು ಆ ದಿನ ಹಾಲಿನಲ್ಲಿ ತುಂಬಾ ಮಂದಿ ಇದ್ದರು. ಅಂಥವರು ಸುಮ್ನೆ ಹೊಗಳುವುದಿಲ್ಲ. ಮುಗಿದ ಕೂಡಲೇ ಚಪ್ಪಾಳೆ ಜೋರಾಗಿಯೇ ಬಂತು. "ಓ" ಅಂತ ಒಂದು ಉದ್ಗಾರವೂ ಬಂತು. ನಮಗೆ ಖುಷಿಯಾಯಿತು. ಚರ್ಚೆ ಶುರುವಾದ ಮೇಲೆ ವಿಷಯ ಬೇರೆ ಆಯಿತು.

ನಿವೃತ್ತ ಉಪನ್ಯಾಸಕಿಯೊಬ್ಬರು ಎದ್ದು ನಿಂತು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ಅಜ್ಜಿಗೆ ಎಲ್ಲ ಗೊತ್ತಿತ್ತು ಅಂತಾದರೆ, 40 ನಿಮಿಷ ನೀವು ನಮ್ಮಿಂದ ಅಡಗಿಸಿದ್ದು ಗುಟ್ಟನ್ನಲ್ಲ. ಅಜ್ಜಿಯನ್ನೇ ಅಡಗಿಸಿದಿರಿ. ಅವಳು ಒಂದು ಮೂಲೆಯಲ್ಲಿ ಎಲೆ ಅಡಿಕೆ ಹಾಕ್ತಾ ಕೂತಿದ್ದಳು. ನಾನು ಅವಳನ್ನು ನೋಡಲೇ ಇಲ್ಲ. ನೋಡಬೇಕಾಗಿದ್ದದ್ದು ಅವಳನ್ನೇ ಅಲ್ವಾ?"

ನನ್ನ ನೋಟ್‌ಬುಕ್ ಕೂಡ ಅದನ್ನೇ ಹೇಳುತ್ತಿತ್ತು. ಮೊದಲ ಅರ್ಧ ಗಂಟೆಯಲ್ಲಿ ಕೆಮ್ಮು ಜಾಸ್ತಿ, ಮೊಬೈಲ್ ಬೆಳಕೂ ಆಗಾಗ. ಹಾಲಿನಲ್ಲಿ ಇರುವಷ್ಟೂ ಜನಕ್ಕೆ ಒಟ್ಟಿಗೇ ಶೀತ ಆಗಿರುವುದಿಲ್ಲ. ಮನಸ್ಸು ಸಡಿಲ ಆದಾಗ ಗಂಟಲು ಕೆರೆಯುತ್ತದೆ, ಬಿಗಿಯಾದಾಗ ಕೆಮ್ಮು ಕೂಡ ಕಾಯುತ್ತದೆ. ಪೆಟ್ಟಿಗೆ ತೆರೆದ ಮೇಲೆ ಒಂದೂ ಕೆಮ್ಮಿಲ್ಲ. ಅದಕ್ಕೂ ಮೊದಲಿನದ್ದು ಅವರಿಗೆ ಬರೀ ಕಾಯುವ ಹೊತ್ತಾಗಿತ್ತು.

ಸಿಟ್ಟು ಯಾರ ಮೇಲೆ ಬಿತ್ತು ಅನ್ನುವುದೂ ನಾವೆಣಿಸಿದ ಹಾಗಿರಲಿಲ್ಲ. ನಾವು ದೊಡ್ಡಪ್ಪನನ್ನು ಕೆಟ್ಟವನಾಗಿ ಬರೆದಿದ್ದೆವು. ಅವನ ಪಾತ್ರ ಮಾಡಿದವರು ಜನರ ಬೈಗುಳಕ್ಕೆ ತಯಾರಾಗಿಯೇ ಬಂದಿದ್ದರು. ಅವರನ್ನು ಯಾರೂ ಕೇಳಲೇ ಇಲ್ಲ. ಒಬ್ಬ ಹುಡುಗ ಹೇಳಿದ: "ದೊಡ್ಡಪ್ಪ ಬಿಡಿ, ಅಂಥವರು ಇರ್ತಾರೆ. ತಾಯಿ ಹೇಗೆ ಒತ್ತಿದಳು?" ಅದಕ್ಕೆ ಎಪ್ಪತ್ತರ ಹತ್ತಿರದ ಒಬ್ಬರು ಹಿಂದಿನ ಸಾಲಿನಿಂದ ಉತ್ತರ ಕೊಟ್ಟರು. "ಕೆಳಗೆ ಇನ್ನಿಬ್ಬರು ಸಣ್ಣ ಮಕ್ಕಳಿದ್ದರು ಅಂತ ಹೇಳಿದ್ರಲ್ಲ ಮಗಾ. ಅನ್ನ ಹಾಕುವವನು ಹೇಳಿದ್ದನ್ನು ಮಾಡದಿದ್ದರೆ ಅವಳು ಎಲ್ಲಿಗೆ ಹೋಗ್ಬೇಕಿತ್ತು?" ಸಣ್ಣ ಮಕ್ಕಳ ಮಾತು ನಾಟಕದಲ್ಲಿ ಒಂದೇ ವಾಕ್ಯ. ಹಾದುಹೋಗುವ ಮಾತು ಅಂತ ಬರೆದದ್ದು. ಅವರು ಅದನ್ನು ಹಿಡಿದಿಟ್ಟುಕೊಂಡಿದ್ದರು.

ಇನ್ನೊಬ್ಬರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ಬಿಳಿ ಪಂಚೆ, ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಚರ್ಚೆ ಮುಗಿಯುವ ತನಕ ಒಂದು ಮಾತೂ ಆಡಲಿಲ್ಲ. ಎಲ್ಲರೂ ಎದ್ದ ಮೇಲೆ ನಮ್ಮ ಹತ್ತಿರ ಬಂದು, "ಆ ಪತ್ರ ಒಮ್ಮೆ ಕೊಡಿ" ಎಂದರು. ಕನ್ನಡಕ ಏರಿಸಿ ನೋಡಿದರು. ಇಡೀ ಆಯುಷ್ಯ ದಸ್ತಾವೇಜು ಬರೆದವರಂತೆ.

"ಹೆಬ್ಬೆಟ್ಟು ಇದ್ದ ಮಾತ್ರಕ್ಕೆ ಓದು ಬರಹ ಬಾರದವರು ಅಂತಲ್ಲ. ನೋಂದಣಿ ಮಾಡುವಾಗ ಸಹಿ ಬರುವವರದ್ದೂ ಹೆಬ್ಬೆಟ್ಟು ತೆಗೆಯುತ್ತಾರೆ. ಸಂಶಯ ಬರಬೇಕಾದರೆ ಸಹಿ ಇರಬೇಕಾದ ಜಾಗದಲ್ಲೇ ಬರೀ ಹೆಬ್ಬೆಟ್ಟು ಇರಬೇಕು. ಪಕ್ಕದಲ್ಲಿ ಇಂಥವರ ಹೆಬ್ಬೆರಳ ಗುರುತು ಅಂತ ಬರೆದಿರಬೇಕು. ಓದಿ ಹೇಳಿ ಕೇಳಿಸಿದ್ದೇನೆ ಅಂತ ಕೆಳಗೆ ಬಿಕ್ಕಲಂ ಹಾಕಿದವನ, ಅಂದರೆ ಪತ್ರ ಬರೆದವನ ಸಹಿ ಇರಬೇಕು. ಅಷ್ಟಿದ್ದರೆ ಟೀಚರಿಗೆ ಓದಿ ಹೇಳಿದ್ದು ಯಾರಪ್ಪಾ ಅಂತ ಕೇಳಬಹುದು."

ನಾವು ಪೆನ್ನು ತೆಗೆದು ಬರೆದುಕೊಂಡೆವು. ಅವರು ನಿಲ್ಲಿಸಲಿಲ್ಲ.

"ಮತ್ತೊಂದು. ಪತ್ರದಲ್ಲಿ ವಯಸ್ಸು ಬರೆಯುತ್ತಾರೆ. ಮಗಳಿಗೆ ಆಗ 23 ಇರಬಹುದು, ತಾಯಿಗೆ 44. ಆಫೀಸಿಗೆ ಕರೆದುಕೊಂಡು ಹೋದರೆ ಎದುರು ಕೂತವರಿಗೆ ಕಣ್ಣಿಲ್ವಾ? ಈಗಿನ ಹಾಗೆ ಪತ್ರದ ಮೇಲೆ ಫೋಟೋ ಇರಲಿಲ್ಲ ನಿಜ. ಆದರೂ ಒಪ್ಪುವುದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸ್ವರ ತಗ್ಗಿಸಿ ಹೇಳಿದರು. "ಕಾಯಿಲೆ ಬಿದ್ದವರಿದ್ದರೆ ಅಧಿಕಾರಿ ಮನೆಗೆ ಬಂದು ಮಾಡಿಸಿಕೊಳ್ಳಲಿಕ್ಕೆ ಕಾನೂನಿನಲ್ಲಿ ಅವಕಾಶ ಉಂಟು. ಒಳಗಿನ ಕತ್ತಲೆ ಕೋಣೆ. ಮುಸುಕು ಹಾಕಿ ಮಲಗಿದ್ದಾರೆ. ಜ್ವರ. ಕಂಬಳಿಯಿಂದ ಒಂದು ಕೈ ಮಾತ್ರ ಹೊರಗೆ ಬರುತ್ತದೆ. ಹಾಗೆ ಮಾಡಿದರೆ ನಂಬಬಹುದು."

ನಮ್ಮ ತಂಡದಲ್ಲಿ ಯಾರಿಗೂ ಆ ದೃಶ್ಯ ಹೊಳೆದಿರಲಿಲ್ಲ. ತಾಯಿ ಮಗಳಾಗಿ ಮಲಗುವುದು. ಮಗಳ ಹೆಸರಿನಲ್ಲಿ ನರಳುವುದು. ನಾವು ತಿಂಗಳುಗಟ್ಟಲೆ ಕೂತು ಬರೆದದ್ದಕ್ಕಿಂತ ಭಯ ಹುಟ್ಟಿಸುವ ಒಂದು ಚಿತ್ರ ಅವರು ನಿಂತಲ್ಲೇ ಕೊಟ್ಟು, "ಬಸ್ಸಿಗೆ ಹೊತ್ತಾಯ್ತು" ಅಂತ ಹೊರಟರು.

ಭರತನ ನಾಟ್ಯಶಾಸ್ತ್ರದಲ್ಲಿ ಪ್ರಾಶ್ನಿಕರು ಎಂಬ ಮಾತಿದೆ. ನಾಟಕದ ಗುಣದೋಷ ಹೇಳಬೇಕಾದವರು. ಅಲ್ಲಿ ಒಬ್ಬ ಪಂಡಿತನನ್ನು ಕೂರಿಸುವುದಿಲ್ಲ. ಯಜ್ಞದ ವಿಷಯಕ್ಕೆ ಯಜ್ಞ ಬಲ್ಲವನು, ಬಿಲ್ಲಿನ ವಿಷಯಕ್ಕೆ ಬಿಲ್ಲುಗಾರ, ಚಿತ್ರಕ್ಕೆ ಚಿತ್ರಗಾರ, ರಾಜಸೇವೆಗೆ ರಾಜಸೇವಕ, ಹೀಗೆ ಅವರವರ ಕಸುಬಿನವರು ಬೇಕು ಅನ್ನುತ್ತಾನೆ. ನಮಗೆ ಆ ದಿನ ಪತ್ರದ ಪ್ರಾಶ್ನಿಕರೇ ಬಂದು ಹೋದರು.

ತಿದ್ದಿದ್ದು

ಉಡುಪಿಯಿಂದ ಬಂದ ಮೇಲೆ ನಾವು ಎರಡು ವಾರ ಜಗಳ ಮಾಡಿದೆವು. ಗುಟ್ಟನ್ನು ಕೊನೆಯ ತನಕ ಉಳಿಸಿಕೊಳ್ಳದಿದ್ದರೆ ಜನ ಯಾಕೆ ಕೂರುತ್ತಾರೆ ಎಂದು ಬರೆದವರ ವಾದ. ನನಗೆ ಹಾಗನ್ನಿಸಲಿಲ್ಲ. ಕರ್ಣಭೇದನ ತಾಳಮದ್ದಳೆ ಕೇಳಿದವರಿಗೆ ಇದು ಗೊತ್ತಿರುತ್ತದೆ. ಕರ್ಣ ಕುಂತಿಯ ಮಗ ಅನ್ನುವುದು ಕೂತಿರುವ ಎಲ್ಲರಿಗೂ ಗೊತ್ತು. ನಮ್ಮ ನೆಲದಲ್ಲಿ ಅದಕ್ಕಿಂತ ಹಳೆಯ ಮನೆ ಗುಟ್ಟು ಇನ್ನೊಂದಿಲ್ಲ. ಆದರೂ ಕೃಷ್ಣ ಬಾಯಿ ತೆರೆಯುವ ತನಕ ಜನ ಉಸಿರು ಹಿಡಿದು ಕೂರುತ್ತಾರೆ. ಗುಟ್ಟು ಏನು ಎಂದು ತಿಳಿಯಲಿಕ್ಕಲ್ಲ. ಕರ್ಣನಿಗೆ ಗೊತ್ತಾಗುವ ಆ ಗಳಿಗೆಯನ್ನು ನೋಡಲಿಕ್ಕೆ.

ಹಾಗಾಗಿ 12ನೇ ನಿಮಿಷಕ್ಕೆ ಒಂದು ಸಣ್ಣ ದೃಶ್ಯ ಬಂತು. ಮಾತಿಲ್ಲ. ಎಲ್ಲರೂ ಊಟಕ್ಕೆ ಒಳಗೆ ಹೋಗಿದ್ದಾರೆ. ಅಜ್ಜಿ ಒಬ್ಬಳೇ ಪೆಟ್ಟಿಗೆ ತೆರೆದು ಪತ್ರ ಬಿಡಿಸುತ್ತಾಳೆ. ಓದಲು ಬರುವುದಿಲ್ಲ, ಕಾಗದ ತಲೆಕೆಳಗಾಗಿ ಹಿಡಿದಿದ್ದಾಳೆ. ಗುರುತು ಮಾತ್ರ ಹುಡುಕುತ್ತಾಳೆ. ಸಿಕ್ಕಿದ ಮೇಲೆ ತನ್ನ ಹೆಬ್ಬೆರಳನ್ನು ಅದರ ಮೇಲೆ ಇಡುತ್ತಾಳೆ. ಸರಿಯಾಗಿ ಕೂರುತ್ತದೆ. ಪತ್ರ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕುತ್ತಾಳೆ. ಅಷ್ಟೇ. ಉಳಿದ ಅರ್ಧ ಗಂಟೆ ಮೊದಲಿನ ಹಾಗೇ.

ಹಿರಿಯಡ್ಕ: ಅಜ್ಜಿಗ್ ಗೊತ್ತುಂಡು

ಶಾಲೆಯ ಬಯಲು ರಂಗಮಂದಿರ. ಪ್ಲಾಸ್ಟಿಕ್ ಕುರ್ಚಿ, ಬದಿಯಲ್ಲಿ ಚರುಮುರಿ ಗಾಡಿ, ಮಡಿಲಲ್ಲಿ ಮಕ್ಕಳು. ಇಲ್ಲಿ ಯಾರೂ ನಾಟಕ ಅಂತ ಸದ್ದಿಲ್ಲದೆ ಕೂರುವವರಲ್ಲ. ಬೇಕಾದಾಗ ಮಾತಾಡುತ್ತಾರೆ, ಬೇಕಾದಾಗ ಎದ್ದು ಹೋಗಿ ಬರುತ್ತಾರೆ.

ಅಜ್ಜಿ ಬೆರಳಿಟ್ಟ ಗಳಿಗೆ ಮುಂದಿನ ಸಾಲಿನಿಂದ ತುಳುವಿನಲ್ಲಿ ಒಂದು ಪಿಸುಮಾತು ಹೊರಟಿತು. "ಅಜ್ಜಿಗ್ ಗೊತ್ತುಂಡು." ಅದು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಕಾಣದವರಿಗೆ ಕಂಡವರು ಹೇಳಿದರು. ಚರುಮುರಿ ಕಟ್ಟಿಸಿಕೊಂಡು ತಡವಾಗಿ ಬಂದ ಒಬ್ಬರಿಗೆ ಪಕ್ಕದವರು ಕತೆ ಪೂರ್ತಿ ಹೇಳಲಿಲ್ಲ, ಬರೀ ಅದೇ ಮಾತು ಹೇಳಿದರು. ಅಜ್ಜಿಗೆ ಗೊತ್ತು. ಅವರು ಕೂತರು. ಅಷ್ಟು ಸಾಕಾಗಿತ್ತು.

ಆ ಮೇಲಿನ ಅರ್ಧ ಗಂಟೆಯನ್ನು ನಾನು ಮರೆಯುವುದಿಲ್ಲ. ಮಾತು ನಡೆಯುತ್ತಿದ್ದದ್ದು ಅತ್ತೆಗೂ ದೊಡ್ಡಪ್ಪನಿಗೂ. ಜನರ ಮುಖ ಇದ್ದದ್ದು ಮೂಲೆಯಲ್ಲಿ ಕೂತ ಅಜ್ಜಿಯ ಕಡೆಗೆ. ಅವಳು ಎಲೆಗೆ ಸುಣ್ಣ ಹಚ್ಚಿದರೆ ನೋಡಿದರು. ಅಡಿಕೆ ಕತ್ತರಿಸಲು ಕೈ ನಡುಗಿದರೆ ನೋಡಿದರು. ಉಡುಪಿಯಲ್ಲಿ ಇದೇ ನಟಿ, ಇದೇ ಎಲೆ, ಇದೇ ಸುಣ್ಣ. ಅಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅತ್ತೆ ಪತ್ರ ಹುಡುಕುತ್ತಾ ಕಪಾಟಿನ ಕಡೆ ಹೋದಾಗ ಏಳೆಂಟು ವರ್ಷದ ಒಂದು ಹುಡುಗ ಎದ್ದು ನಿಂತು ಕೂಗಿದ. "ಪೆಟ್ಟಿಗೆಡ್ ಉಂಡು!" ಪೆಟ್ಟಿಗೆಯಲ್ಲಿ ಉಂಟು ಅಂತ. ಯಾರೂ ನಗಲಿಲ್ಲ. ಅವನಮ್ಮ ಕೈ ಹಿಡಿದು ಕೂರಿಸಿದರು. ಅವರ ಕಣ್ಣೂ ವೇದಿಕೆಯ ಮೇಲೇ ಇತ್ತು.

ಮುಗಿಯಿತು. ಲೈಟ್ ಆರಿತು. ಚಪ್ಪಾಳೆ ಇಲ್ಲ.

ನಾವು ಪರದೆಯ ಹಿಂದೆ ಒಬ್ಬರ ಮುಖ ಒಬ್ಬರು ನೋಡಿದೆವು. ಅಜ್ಜಿ ಪಾತ್ರ ಮಾಡಿದವರು ಅಳುವ ಹಾಗಾಗಿದ್ದರು. ಕೆಟ್ಟಿತು ಅಂತಲೇ ಎಣಿಸಿದೆವು. ಹೊರಗೆ ಬಂದು ನೋಡಿದರೆ ಜನ ಎದ್ದಿಲ್ಲ. ಕುರ್ಚಿಯಲ್ಲೇ ಕೂತಿದ್ದಾರೆ. ಕೆಲವರು ನೆಲ ನೋಡುತ್ತಿದ್ದಾರೆ. ಅಕ್ಕ ತಂಗಿಯರಂತೆ ಕಾಣುತ್ತಿದ್ದ ಇಬ್ಬರು ಕೈ ಹಿಡಿದುಕೊಂಡು ಕೂತಿದ್ದರು.

ಮನೆಗೆ ಬಂದು ನಾಟ್ಯಶಾಸ್ತ್ರದ 27ನೇ ಅಧ್ಯಾಯವನ್ನು ಮತ್ತೆ ಓದಿದೆ. ನಾಟಕ ಗೆದ್ದದ್ದು ಹೇಗೆ ತಿಳಿಯುತ್ತದೆ ಎಂದು ಹೇಳುವ ಅಧ್ಯಾಯ ಅದು. ಭರತ ಎರಡು ಬಗೆಯ ಸಿದ್ಧಿ ಹೇಳುತ್ತಾನೆ. ನಗು, ಜೋರು ನಗು, 'ಭಲೇ' ಎನ್ನುವುದು, 'ಅಯ್ಯೋ' ಎನ್ನುವುದು, ರೋಮಾಂಚ, ಕೂತಲ್ಲಿಂದ ಏಳುವುದು, ಬಟ್ಟೆ ಉಂಗುರ ಕೊಡುವುದು, ಇವೆಲ್ಲ ಮಾನುಷಿ. ಇನ್ನೊಂದು ದೈವಿಕಿ. ಅದರ ಲಕ್ಷಣ ಇಷ್ಟೇ: ಸದ್ದಿಲ್ಲ, ಅಲುಗಾಟ ಇಲ್ಲ, ವಿಘ್ನ ಇಲ್ಲ, ರಂಗ ತುಂಬಿದೆ. ಓದಿದ ಕೂಡಲೇ ಅಜ್ಜಿ ಪಾತ್ರದವರಿಗೆ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದೆ. ರಾತ್ರಿ ಹನ್ನೊಂದು ದಾಟಿತ್ತು. ಅವರು ಇನ್ನೂ ಎಚ್ಚರ ಇದ್ದರು.

ಚಹಾ ಕುಡಿಯುವಾಗ ಬಂದ ಒಂದು ಪ್ರಶ್ನೆ ಹೇಳಲೇಬೇಕು. ನಮ್ಮ ಊರಲ್ಲದೆ ಬೇರೆಲ್ಲೂ ಅದು ಬರುತ್ತಿರಲಿಲ್ಲ. ಒಬ್ಬರು ಹೆಂಗಸು ಕೇಳಿದರು: "ಇದು ಅಳಿಯಕಟ್ಟಿನ ಮನೆ ಅಲ್ಲ, ಅಲ್ವಾ?" ಅಲ್ಲ ಎಂದೆ. "ಹಾಗೇ ಎಣಿಸಿದೆ. ನಮ್ಮಲ್ಲಾದರೆ ಮನೆ ಹೆಣ್ಣಿನ ಕಡೆಯಿಂದಲೇ ಬರುವುದು. ಅಮ್ಮನಿಂದ ಮಗಳಿಗೆ. ಮಗಳನ್ನು ಬಿಡಿಸಿ ಮಗನಿಗೆ ಮಾಡುವ ಮಾತೇ ಇಲ್ಲ." ಅವರ ಜೊತೆಗಿದ್ದವರು ಕೂಡಲೇ ತಡೆದರು. "ಹೆಸರು ನಮ್ಮದು ಅಕ್ಕಾ. ಯಜಮಾನಿಕೆ ಮಾವನದ್ದೇ ಇತ್ತಲ್ಲ. ಕಾಗದ ಎಲ್ಲ ಮಾವನ ಕೈಯಲ್ಲೇ. ಅಮ್ಮನಿಗೆ ಏನು ಗೊತ್ತಿತ್ತು?" 1949ರ ಅಳಿಯಸಂತಾನ ಕಾಯ್ದೆ ಬಂದು ಪಾಲು ಕೇಳುವ ಹಕ್ಕು ಸಿಕ್ಕಿದ ಮೇಲೆ ಅವರ ಕುಟುಂಬ ಹೇಗೆ ಒಡೆಯಿತು ಎಂದು ಇಬ್ಬರೂ ಮಾತಾಡುತ್ತಾ ನಿಂತರು. ನಾಟಕ ಮರೆತೇ ಹೋಗಿತ್ತು. ಕಾಗದ ಯಾರ ಕೈಯಲ್ಲಿತ್ತು, ಯಾರಿಗೆ ಯಾವಾಗ ಗೊತ್ತಾಯಿತು, ಅವರ ಮಾತೆಲ್ಲ ಅದೇ.

ಮಂಗಳೂರು: ಗೊತ್ತಾದ ದಿನ

ಮಂಗಳೂರಿನಲ್ಲಿ ಕದ್ರಿ ಕಡೆಯ ಒಂದು ಫ್ಲ್ಯಾಟಿನ ಹಾಲ್. ಎಸಿ, ಮೆತ್ತನೆ ಕುರ್ಚಿ. ಈ ಸಲ ಕತ್ತಲೆ ಕೋಣೆಯ ದೃಶ್ಯವನ್ನೂ ಸೇರಿಸಿದ್ದೆವು. ಅಜ್ಜಿಯ ನೆನಪಾಗಿ ಒಂದೂವರೆ ನಿಮಿಷ. ಒಂದು ಲಾಟೀನು, ಒಂದು ಕಂಬಳಿ, ಹೊರಗೆ ಚಾಚಿದ ಒಂದು ಕೈ.

ಇಲ್ಲಿ ಶುರುವಿನಲ್ಲೇ ನಗು ಬಂತು. ದೊಡ್ಡಪ್ಪ "ಎಲ್ಲ ಸರಿಯಾಗಿಯೇ ಉಂಟು ಮಾರಾಯ್ತಿ" ಎಂದಾಗ ಹಾಲ್ ನಕ್ಕಿತು. ಮಂಗಳೂರಿನವರು ತುಳು ನಾಟಕ ನೋಡಿ ನೋಡಿ ಬೆಳೆದವರು. ವೇದಿಕೆ ಮೇಲೆ ಒಬ್ಬ ಜೋರು ಮಾಡಿದರೆ ನಗು ಬಾಯಿ ತುದಿಯಲ್ಲೇ ಇರುತ್ತದೆ. ನಮ್ಮ ನಟರು ಗಾಬರಿಯಾಗಲಿಲ್ಲ, ಅದು ದೊಡ್ಡದು. ಅಜ್ಜಿ ಬೆರಳಿಟ್ಟ ಮೇಲೆ ದೊಡ್ಡಪ್ಪ ಅದೇ ಮಾತನ್ನು ಎರಡನೇ ಸಲ ಹೇಳುತ್ತಾನೆ. ಆಗಲೂ ಒಬ್ಬಿಬ್ಬರು ನಗಲು ಹೋದರು. ಅರ್ಧಕ್ಕೇ ನಿಂತಿತು. ನಿಂತದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಕಂಬಳಿಯಿಂದ ಕೈ ಹೊರಗೆ ಬಂದಾಗ ಒಂದು ಮಗು ಅತ್ತಿತು. ಅದೇ ಹೊತ್ತಿಗೆ ಅರುವತ್ತರ ಆಸುಪಾಸಿನ ಒಬ್ಬರು ಎದ್ದು ಹೊರಗೆ ಹೋದರು. ಕಾರಿಡಾರಿನಲ್ಲಿ ಗೋಡೆಗೆ ಒರಗಿ ಕೊನೆಯ ತನಕ ನಿಂತಿದ್ದರು. ಮತ್ತೆ ಒಳಗೆ ಬರಲಿಲ್ಲ, ಮನೆಗೂ ಹೋಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬಾರದು ಅನ್ನಿಸಿತು.

ಚರ್ಚೆಯಲ್ಲಿ ಇಬ್ಬರು ಯುವ ವಕೀಲರು ಸಿಕ್ಕಿದರು. ಒಬ್ಬಾಕೆ ಹೇಳಿದರು: "ಪತ್ರ ರದ್ದು ಮಾಡಿಸಲು ದಾವೆ ಹಾಕಬೇಕಾದರೆ ಮೂರು ವರ್ಷದ ಅವಧಿ. ಆದರೆ ಲೆಕ್ಕ 1979ರಿಂದ ಅಲ್ಲ. ಸತ್ಯ ಅವರಿಗೆ ಗೊತ್ತಾದ ದಿನದಿಂದ." ಇನ್ನೊಬ್ಬರ ವಾದ ಬೇರೆ. ಅವಳು ಒತ್ತದೇ ಇರುವ ಪತ್ರ ಅವಳ ಮಟ್ಟಿಗೆ ಪತ್ರವೇ ಅಲ್ಲ, ಇಲ್ಲದ್ದನ್ನು ರದ್ದು ಮಾಡುವುದೇನು ಅಂತ. ಇಬ್ಬರೂ ಚೆನ್ನಾಗಿ ವಾದ ಮಾಡಿದರು. ನನ್ನ ಕಿವಿಯಲ್ಲಿ ಉಳಿದದ್ದು ಆ ಒಂದು ಮಾತು. ಗೊತ್ತಾದ ದಿನ. ಹಿರಿಯಡ್ಕದ ಬಯಲಿನಲ್ಲಿ ಪಿಸುಗುಟ್ಟಿದ್ದೂ ಅದನ್ನೇ, ಕಾಯ್ದೆ ಕೇಳುವುದೂ ಅದನ್ನೇ. ಯಾರಿಗೆ, ಯಾವಾಗ ಗೊತ್ತಾಯಿತು?

ಆಗ ಮುಂದಿನ ಸಾಲಿನಿಂದ ಒಬ್ಬರು ತಿರುಗಿ ಕೇಳಿದರು. "ಹಾಗಾದರೆ ಅತ್ತೆಗೆ ನಿಜವಾಗಿ ಯಾವಾಗ ಗೊತ್ತಾಯ್ತು? 40 ವರ್ಷ ಅವಳು ಒಮ್ಮೆಯೂ ಪಾಲಿನ ಮಾತೆತ್ತಲಿಲ್ಲ. ಅವಳಿಗೂ ಗೊತ್ತಿತ್ತೋ ಏನೋ." ಹಾಲ್ ಪೂರ್ತಿ ಅದರ ಹಿಂದೆ ಬಿತ್ತು. ಗೊತ್ತಿತ್ತು ಎಂದು ಕೆಲವರು, ಗೊತ್ತಿದ್ದರೆ ಬರುತ್ತಲೇ ಇರಲಿಲ್ಲ ಎಂದು ಕೆಲವರು. ನಾವು ಬರೆಯುವಾಗ ಇದನ್ನು ಯೋಚಿಸಿಯೇ ಇರಲಿಲ್ಲ. ಈಗ ಯೋಚಿಸುತ್ತಿದ್ದೇವೆ. ಅತ್ತೆ ಪಾತ್ರ ಮಾಡುವವರು ತಮ್ಮ ಮನಸ್ಸಿನಲ್ಲಿ ಒಂದು ಉತ್ತರ ಇಟ್ಟುಕೊಂಡಿದ್ದಾರಂತೆ. ನಮಗೆ ಹೇಳುವುದಿಲ್ಲ ಎಂದಿದ್ದಾರೆ. ಅದು ಸರಿ ಎಂದು ನನಗೂ ಅನ್ನಿಸುತ್ತದೆ.

ಕಾನೂನು ಓದುತ್ತಿರುವ ಒಬ್ಬ ಹುಡುಗಿ ಸ್ವಲ್ಪ ಸಿಟ್ಟಿನಲ್ಲೇ ಕೇಳಿದಳು. "ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ನೀವು ಯಾಕೆ 1979ರ ಕತೆ ಹೇಳ್ತೀರಿ?" ಉತ್ತರ ಕೊಟ್ಟದ್ದು ನಾವಲ್ಲ. ಅವಳ ಹಿಂದೆ ಕೂತಿದ್ದ ಐವತ್ತರ ಒಬ್ಬರು. "ಈಗ ಸುಳ್ಳು ಹೆಬ್ಬೆಟ್ಟು ಬೇಡಮ್ಮಾ. ನಮ್ಮನ್ನೇ ಕರೀತಾರೆ. ಊಟ ಹಾಕ್ತಾರೆ, ಸೀರೆ ಕೊಡ್ತಾರೆ, ಕಾಗದ ಇಡ್ತಾರೆ. ತವರಿನ ಬಾಗಿಲು ಮುಚ್ಚಿಕೊಳ್ಳಲು ಯಾರಿಗೆ ಇಷ್ಟ? ನಾನೇ ಸಹಿ ಹಾಕಿದ್ದೇನೆ. ನನ್ನ ಕೈಯಾರೆ." ಹಾಲಿನಲ್ಲಿ ಒಂದು ಕೆಮ್ಮೂ ಇರಲಿಲ್ಲ.

ಅವರೇ ಆಮೇಲೆ ನನ್ನ ಹತ್ತಿರ ಬಂದು ಪತ್ರ ನೋಡಬೇಕು ಎಂದರು. ನಾಟಕಕ್ಕೆ ಮಾಡಿದ ಪತ್ರ ಅದು. ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ ಹಳೇದು ಮಾಡಿದ ಕಾಗದ, ನೀಲಿ ಸ್ಟಾಂಪ್ ಪ್ಯಾಡಿನ ಗುರುತು. ಬಿಳಿ ಗೆರೆ ಬರಲೆಂದು ಬೆರಳಿಗೆ ಒಂದು ದಾರ ಕಟ್ಟಿ ಒತ್ತಿಸಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಯಾರ ಹೆಬ್ಬೆಟ್ಟು?"

"ನಮ್ಮ ಅಮ್ಮನದ್ದು."

"ಓದಲಿಕ್ಕೆ ಬರ್ತದಾ ಅವರಿಗೆ?"

"ಬರ್ತದೆ. ದಿನಾ ಉದಯವಾಣಿ ಮೊದಲ ಪುಟದಿಂದ ಕೊನೆಯ ತನಕ ಓದ್ತಾರೆ."

"ಇದನ್ನು ಓದಿ ಒತ್ತಿದ್ರಾ?"

ನನಗೆ ಉತ್ತರ ಗೊತ್ತಿತ್ತು. ಆ ಸಂಜೆ ಅಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು. ನಾನು ಕಾಗದ, ಪ್ಯಾಡು, ದಾರ ಹಿಡಿದುಕೊಂಡು ಹೋದೆ. ಕೈ ಸೆರಗಿಗೆ ಒರೆಸಿ ಬೆರಳು ಮುಂದೆ ಮಾಡಿದರು. ನಾನು ಹಿಡಿದು ಒತ್ತಿದೆ. ಅವರು ಮತ್ತೆ ತುರಿಯಲು ಕೂತರು.

ಮಂಗಳೂರಿನಿಂದ ಮನೆ ಮುಟ್ಟುವಾಗ ಹತ್ತೂವರೆ. ಅಮ್ಮ ಊಟಕ್ಕೆ ಕಾಯುತ್ತಿದ್ದರು. ಅನ್ನ ಬಡಿಸುವಾಗ ಕೇಳಿದೆ.

"ಅಮ್ಮಾ, ಆ ದಿನ ಹೆಬ್ಬೆಟ್ಟು ಒತ್ತುವಾಗ ಕಾಗದದಲ್ಲಿ ಏನು ಬರೆದಿದೆ ಅಂತ ನೀವು ಯಾಕೆ ನೋಡ್ಲಿಲ್ಲ?"

ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಕೇಳಿದ್ದು ನೀನಲ್ವಾ?" ಎಂದರು.